ದೂರದವರು ನೋಡ್ತಾರೆ

“ಆ ಅಜ್ಜಿ ಈ ಸಿನಿಮಾ ನೋಡಿದ್ರಾ?”

ಪ್ರಶ್ನೆ ಇಷ್ಟೇ. ಮೂರನೇ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಮೈಕ್ ತಗೊಂಡು, ಪೀಠಿಕೆ ಗೀಠಿಕೆ ಏನೂ ಇಲ್ಲದೆ ಕೇಳಿದರು. ಫಿಲ್ಮ್ ಫೆಸ್ಟಿವಲ್‌ಗಳಲ್ಲಿ ಹೀಗೆ ಕೇಳುವವರು ಅಪರೂಪ. ಮೈಕ್ ಸಿಕ್ಕವರು ಮೊದಲು ತಮ್ಮ ಬಗ್ಗೆ ಹೇಳುತ್ತಾರೆ, ಆಮೇಲೆ ತಾವು ನೋಡಿದ ಬೇರೆ ಯಾವುದೋ ಸಿನಿಮಾದ ಬಗ್ಗೆ ಹೇಳುತ್ತಾರೆ, ಕೊನೆಗೆ ‘ಇದಕ್ಕೆ ನೀವೇನಂತೀರಿ’ ಅಂತ ಮುಗಿಸುತ್ತಾರೆ. ಅವತ್ತೂ ಅಂಥವರಿಗೆ ಬರ ಇರಲಿಲ್ಲ. ಒಬ್ಬರು ಬಜೆಟ್ ಎಷ್ಟು ಅಂದರು. ಇನ್ನೊಬ್ಬರು ಕ್ಯಾಮೆರಾ ಯಾವುದು ಅಂದರು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಮಹಾಶಯರಂತೂ ಅರ್ಧ ಸಮಯ ತಾವೇ ಮಾತಾಡಿ ಮುಗಿಸಿದ್ದರು.

ನಿರ್ದೇಶಕಿಗೆ ಇದು ಮೊದಲ ಸಿನಿಮಾ. ಆಕೆಯ ಹೆಸರು, ದೇಶ, ಸಿನಿಮಾದ ಹೆಸರು ಯಾವುದನ್ನೂ ಬರೆಯುವುದಿಲ್ಲ. ಬರೆದರೆ ಅಜ್ಜಿಯ ಊರು ಯಾವುದು ಅಂತ ಹುಡುಕಲು ಎರಡು ನಿಮಿಷ ಸಾಕು. ಹಾಗಾಗಬಾರದು ಅನ್ನುವುದೇ ಇಲ್ಲಿ ಅರ್ಧ ವಿಷಯ.

ಬೆಟ್ಟದ ಮೇಲಿನ ಒಂದು ಹಳ್ಳಿ. ಅಜ್ಜಿ ನಟಿ ಅಲ್ಲ, ಅದೇ ಊರಿನವರು. ಸಿನಿಮಾದ ನಡುವೆ ಒಂದು ದೃಶ್ಯ ಬರುತ್ತದೆ. ಅಜ್ಜಿ ಉಣ್ಣೆ ಬಿಡಿಸುತ್ತಾ ತನ್ನ ಗಂಡನ ಬಗ್ಗೆ ಮಾತಾಡುತ್ತಾರೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ಏನು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಮನೆಯವರ ಮುಂದೆ, ಅಕ್ಕಪಕ್ಕದವರ ಮುಂದೆ ಆಡುವ ಮಾತಲ್ಲ ಅಂತಷ್ಟೇ ತಿಳಿದುಕೊಳ್ಳಿ. ಹೇಳುವಷ್ಟು ಹೊತ್ತೂ ಕೈ ನಿಲ್ಲುವುದಿಲ್ಲ. ಹೇಳಿ ಮುಗಿಸಿ ಒಂದು ಸಲ ನಗುತ್ತಾರೆ. ನಕ್ಕಿದ್ದಕ್ಕೆ ತಮಗೇ ಆಶ್ಚರ್ಯವಾದ ಹಾಗೆ ಸುಮ್ಮನಾಗುತ್ತಾರೆ. ಅಷ್ಟೇ ದೃಶ್ಯ. ಈ ಸಲದ ಫೆಸ್ಟಿವಲ್‌ನಲ್ಲಿ ನಾನು ನೋಡಿದ್ದರಲ್ಲಿ ಇದರ ಹತ್ತಿರಕ್ಕೆ ಬರುವಂಥದ್ದು ಇನ್ನೊಂದಿಲ್ಲ.

ಹಾಗಾಗಿ ಮೂರನೇ ಸಾಲಿನವರು ಪ್ರಶ್ನೆ ಕೇಳಿದಾಗ ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ.

ನಿರ್ದೇಶಕಿ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ಇಲ್ಲ” ಅಂದರು. ಆಮೇಲೆ ಹೇಳಿದರು: “ಶೂಟಿಂಗಿಗೆ ಮುಂಚೆ ಅವರು ನನ್ನನ್ನ ಕೇಳಿದ್ದು ಒಂದೇ ಮಾತು. ಇದನ್ನ ಯಾರು ನೋಡ್ತಾರೆ ಅಂತ. ದೂರದವರು ನೋಡ್ತಾರೆ ಅಂದೆ. ಹಾಗಾದ್ರೆ ಕೂತ್ಕೋ, ಹೇಳ್ತೀನಿ ಅಂದ್ರು.”

ಸಭಾಂಗಣ ನಕ್ಕಿತು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಕೇಳಿದ ಹೆಂಗಸು ಮಾತ್ರ ನಗಲಿಲ್ಲ. ಇನ್ನೇನೋ ಕೇಳಲು ಮೈಕ್ ಎತ್ತಿದರು. ಅಷ್ಟರಲ್ಲಿ ನಮ್ಮ ಮಹಾಶಯರು “ಇಷ್ಟು ಸುಂದರವಾದ ಮಾತಿನ ಜೊತೆ ಮುಗಿಸೋಣ” ಅಂದುಬಿಟ್ಟರು. ಸುಂದರವಂತೆ! ಮಾತು ಶುರುವಾಗಬೇಕಿದ್ದ ಜಾಗದಲ್ಲಿ ಮುಗಿಸುವ ಕಲೆ ಇವರಿಗೆ ಯಾರು ಕಲಿಸುತ್ತಾರೋ.

ಅವತ್ತಿನಿಂದ ಅದೇ ಎರಡು ಸಾಲು ತಲೆಯಲ್ಲಿ ಓಡುತ್ತಿದೆ. ದೂರದವರು ನೋಡ್ತಾರೆ. ಹಾಗಾದ್ರೆ ಕೂತ್ಕೋ.

ಕತ್ತಲಲ್ಲಿ ಕೂತಿದ್ದ ನಾವೇ ಆ ದೂರದವರು. ಅಜ್ಜಿಯ ಲೆಕ್ಕದಲ್ಲಿ ನಮ್ಮ ಅರ್ಹತೆ ಅದೊಂದೇ. ನಾವು ಸಿನಿಮಾ ಬಲ್ಲವರು ಅಂತಲ್ಲ, ಒಳ್ಳೆಯವರು ಅಂತಲೂ ಅಲ್ಲ. ಅವರ ಬೀದಿಯಲ್ಲಿ ಇಲ್ಲದವರು, ಅಷ್ಟೇ. ರಾತ್ರಿ ರೈಲಿನಲ್ಲಿ ಎದುರು ಸೀಟಿನವರ ಹತ್ತಿರ, ಒಡಹುಟ್ಟಿದವರಿಗೂ ಹೇಳದ್ದನ್ನು ಹೇಳಿಬಿಡುತ್ತೇವಲ್ಲ, ಆ ಥರ. ಆದರೆ ಎದುರು ಸೀಟಿನವರು ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ದೇಶದಿಂದ ದೇಶಕ್ಕೆ ಒಯ್ಯುವುದಿಲ್ಲ.

ಇಂಥ ಸಿನಿಮಾಗಳ ಬಗ್ಗೆ ನನ್ನದೊಂದು ಹಳೇ ದೂರು ಇದೆ. ನನ್ನದು ಅಂತಲ್ಲ, ಫೆಸ್ಟಿವಲ್‌ಗೆ ಹೋಗುವ ಎಲ್ಲರೂ ಯಾವಾಗಲಾದರೂ ಹೇಳುವಂಥದ್ದೇ. ಯಾವ ಊರಿನ ಕಥೆಯೋ ಆ ಊರಿಗೆ ಸಿನಿಮಾ ತಲುಪುವುದೇ ಇಲ್ಲ. ಅದಕ್ಕೆ ವ್ಯವಸ್ಥೆಯೇ ಕಾರಣ. ಇಟಲಿಯ ವೆನಿಸ್ ಫೆಸ್ಟಿವಲ್‌ನ ಸ್ಪರ್ಧೆಗೆ ಹೋಗಬೇಕಾದರೆ ಅದು ಜಗತ್ತಿನಲ್ಲೇ ಮೊದಲ ಪ್ರದರ್ಶನ ಆಗಿರಬೇಕು. ಊರಿನ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಮೊದಲು ತೋರಿಸೋಣ ಅಂದರೆ ನಿರ್ಮಾಪಕರು ಕೈಮುಗಿದು ಬೇಡ ಅನ್ನುತ್ತಾರೆ. ಆಮೇಲೆ ಒಂದೂವರೆ ಎರಡು ವರ್ಷ ಫೆಸ್ಟಿವಲ್‌ನಿಂದ ಫೆಸ್ಟಿವಲ್‌ಗೆ ಓಡಾಟ. ಅದು ಮುಗಿಯುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರುವುದಿಲ್ಲ, ಉತ್ಸಾಹವೂ ಇರುವುದಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಇದಕ್ಕೇ ಸೇರಿದ ಮಾತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಫೆಸ್ಟಿವಲ್‌ನವರ ಹ್ಯೂಬರ್ಟ್ ಬಾಲ್ಸ್ ಫಂಡ್ 1988ರಿಂದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಸ್ವತಂತ್ರ ನಿರ್ದೇಶಕರಿಗೆ ನೆರವು ಕೊಡುತ್ತಿದೆ. ಅದಿಲ್ಲದಿದ್ದರೆ ಎಷ್ಟೋ ಸಿನಿಮಾ ಹುಟ್ಟುತ್ತಲೇ ಇರಲಿಲ್ಲ. ಆದರೆ ಯುರೋಪಿನ ದುಡ್ಡು ಬಂದರೆ ಯುರೋಪಿನ ಕಣ್ಣಿಗೆ ಒಪ್ಪುವ ಸಿನಿಮಾನೇ ಬರುತ್ತದೆ ಅಂತ ಕೊಂಕು ಆಡುವವರೂ ಇದ್ದಾರೆ. ‘ಫೆಸ್ಟಿವಲ್‌ಗೆ ಅಂತಲೇ ಮಾಡಿದ ಸಿನಿಮಾ’ ಅನ್ನುವ ಬೈಗುಳ ಹುಟ್ಟಿದ್ದೇ ಅಲ್ಲಿಂದ. ಕೆಲವು ಸಲ ಆ ಬೈಗುಳ ನಿಜವೂ ಹೌದು.

ಆದರೆ ಅಜ್ಜಿಯ ಮಾತು ಈ ದೂರನ್ನೇ ತಿರುಗಿಸಿ ಹಾಕಿತು. ಸಿನಿಮಾ ಊರಿಗೆ ಬರುವುದಿಲ್ಲ ಅನ್ನುವ ಭರವಸೆಯ ಮೇಲೇ ಅವರು ಬಾಯಿ ಬಿಟ್ಟಿದ್ದು. ಊರಿನವರು ನೋಡುತ್ತಾರೆ ಅಂದಿದ್ದರೆ ಆ ದೃಶ್ಯ ಇರುತ್ತಿರಲಿಲ್ಲ. ಹಬ್ಬದ ಬಗ್ಗೆ, ಮಳೆಯ ಬಗ್ಗೆ ಏನೋ ಹೇಳಿ ಒಳಗೆ ಎದ್ದು ಹೋಗುತ್ತಿದ್ದರು. ನಾನು ಯಾವುದನ್ನು ಇಂಥ ಸಿನಿಮಾಗಳ ರೋಗ ಅಂತ ಹೇಳುತ್ತಾ ಬಂದಿದ್ದೆನೋ, ಅದೇ ಇಲ್ಲಿ ಆ ಸಿನಿಮಾದ ಅಡಿಪಾಯ.

ಹೊರಗೆ ಬಂದ ಮೇಲೆ ಗೆಳೆಯನ ಜೊತೆ ಇದೇ ಜಗಳ. ಅವನು ಡಾಕ್ಯುಮೆಂಟರಿ ಎಡಿಟರ್. ಎಲ್ಲದರಲ್ಲೂ ಹುಳುಕು ಹುಡುಕುವುದು ಅವನಿಗೆ ಸಂತೋಷ ಕೊಡುವ ಕೆಲಸ.

“ದೂರ ಅಂದ್ರೆ ಏನು ಅಂತ ಆ ಅಜ್ಜಿಗೆ ಗೊತ್ತಿತ್ತಾ? ಬೆಟ್ಟದ ಆಚೆ ಕಡೆ ಅಂದ್ಕೊಂಡಿರ್ತಾರೆ. ಇದನ್ನ ಒಪ್ಪಿಗೆ ಅಂತ ಕರೀತೀಯಾ?”

ನನಗೆ ಸಿಟ್ಟು ಬಂತು. ಹಳ್ಳಿಯ ಮುದುಕಿ ಅಂದ ತಕ್ಷಣ ಆಕೆಗೆ ಏನೂ ಗೊತ್ತಿಲ್ಲ ಅಂತ ತೀರ್ಮಾನಿಸುವುದು ಓದಿದವರ ದೊಡ್ಡ ಚಾಳಿ. ಬಜೆಟ್ ಎಷ್ಟು, ಕ್ಯಾಮೆರಾ ಯಾವುದು ಅಂತ ಸಭಾಂಗಣದಲ್ಲಿ ಕೂತ ನಾವು ಕೇಳಿದೆವು. ಯಾರು ನೋಡ್ತಾರೆ ಅಂತ ಕೇಳಿದ್ದು ಅಜ್ಜಿ. ಅದು ವಿತರಣೆಯ ಪ್ರಶ್ನೆ. ಸ್ವತಂತ್ರ ಸಿನಿಮಾ ಮಾಡುವವರು ಎಲ್ಲಕ್ಕಿಂತ ಕೊನೆಗೆ ಯೋಚಿಸುವ, ಯೋಚಿಸಿ ತಲೆ ಮೇಲೆ ಕೈ ಹೊತ್ತು ಕೂರುವ ಪ್ರಶ್ನೆ. ಅವರು ಅದನ್ನು ಮೊದಲೇ ಕೇಳಿ, ಉತ್ತರ ನೋಡಿಕೊಂಡು, ತಮ್ಮ ಪ್ರೇಕ್ಷಕರು ಯಾರು ಅಂತ ತಾವೇ ಆರಿಸಿಕೊಂಡರು. ಹೀಗಂತ ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಅವನು ಒಪ್ಪಿದ್ದನ್ನು ನಾನು ನೋಡಿಯೇ ಇಲ್ಲ.

ಆದರೂ ಅವನ ಮಾತನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಊರಿನ ಜನರನ್ನೇ ಪರದೆ ಮೇಲೆ ತರುವ ನಿರ್ದೇಶಕರನ್ನು ಈ ಪ್ರಶ್ನೆ ಮುಂಚಿನಿಂದಲೂ ಕಾಡಿದೆ. 1948ರ ಇಟಲಿಯ ಸಿನಿಮಾ ‘ಬೈಸಿಕಲ್ ಥೀವ್ಸ್’ನಲ್ಲಿ ಸೈಕಲ್ ಕಳೆದುಕೊಳ್ಳುವ ಅಪ್ಪನ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆ ಕಾರ್ಮಿಕ. ಸಿನಿಮಾ ಜಗತ್ತನ್ನೇ ಸುತ್ತಿತು. ಮಜ್ಜೊರಾನಿ ಕಾರ್ಖಾನೆಗೆ ವಾಪಸ್ ಹೋದ, ಸ್ವಲ್ಪ ಕಾಲದಲ್ಲೇ ಕೆಲಸ ಕಳೆದುಕೊಂಡ. ಮುಂದೆ ನಟನಾಗಿಯೂ ಸರಿಯಾಗಿ ನೆಲೆ ಸಿಗಲಿಲ್ಲ. ಕೆಲಸವಿಲ್ಲದವನ ಪಾತ್ರ ಮಾಡಿದವನಿಗೆ ಹೀಗಾಯಿತು ಅಂತ ಓದಿದಾಗಿನಿಂದ ಆ ಸಿನಿಮಾವನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ಇರಾನಿನವರು ಇದನ್ನೇ ಸಿನಿಮಾದ ಕಥೆಯನ್ನಾಗಿ ಮಾಡಿದರು. ಕಿಯರೊಸ್ತಮಿಯ ‘ದ ವಿಂಡ್ ವಿಲ್ ಕ್ಯಾರಿ ಅಸ್’ 1999ರಲ್ಲಿ ಬಂತು. ಪಟ್ಟಣದಿಂದ ಒಬ್ಬ ತನ್ನ ತಂಡದ ಜೊತೆ ಕುರ್ದಿಸ್ತಾನದ ಹಳ್ಳಿಗೆ ಬರುತ್ತಾನೆ. ಅಲ್ಲೊಬ್ಬಳು ಮುದುಕಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಆಕೆ ಸತ್ತ ಮೇಲೆ ಊರಿನವರು ಮಾಡುವ ಶೋಕಾಚರಣೆಯನ್ನು ಚಿತ್ರೀಕರಿಸುವುದು ಇವರ ಕೆಲಸ. ದಿನಗಳು ಉರುಳಿದರೂ ಆಕೆ ಸಾಯುವುದಿಲ್ಲ, ಇವರು ಕಾಯುತ್ತಾ ಕೂರುತ್ತಾರೆ. ಇಡೀ ಸಿನಿಮಾದಲ್ಲಿ ಆ ಮುದುಕಿಯ ಮುಖ ನಮಗೆ ಕಾಣುವುದೇ ಇಲ್ಲ. ಮೊದಲ ಸಲ ನೋಡಿದಾಗ ಅದನ್ನು ಜಾಣತನ ಅಂದುಕೊಂಡಿದ್ದೆ. ಈ ವಾರ ಅದು ಮರ್ಯಾದೆ ಅನ್ನಿಸಿತು.

ಅದೇ ದೇಶದ ಇನ್ನೊಬ್ಬ ನಿರ್ದೇಶಕ ಜಾಫರ್ ಪನಾಹಿ ಇನ್ನೂ ಕಠಿಣ. ‘ನೋ ಬೇರ್ಸ್’ನಲ್ಲಿ ಅವರು ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಗಡಿಯ ಹತ್ತಿರದ ಹಳ್ಳಿಯೊಂದರಲ್ಲಿ ಬಾಡಿಗೆ ಕೋಣೆ ಹಿಡಿದು, ಇಂಟರ್ನೆಟ್ ಮೂಲಕವೇ ಟರ್ಕಿಯಲ್ಲಿ ನಡೆಯುವ ಶೂಟಿಂಗನ್ನು ನಿರ್ದೇಶಿಸುತ್ತಿರುತ್ತಾರೆ. ನಡುವೆ ಹಳ್ಳಿಯಲ್ಲಿ ಒಂದಿಷ್ಟು ಫೋಟೊ ತೆಗೆದಿರುತ್ತಾರೆ. ಹುಡುಗ ಹುಡುಗಿ ಜೊತೆಗಿದ್ದ ಫೋಟೊ ಒಂದು ಅದರಲ್ಲಿದೆ ಅಂತ ಸುದ್ದಿ ಹಬ್ಬುತ್ತದೆ. ಊರಿನವರು ಬಂದು ಆ ಫೋಟೊ ಕೊಡಿ ಅಂತ ಪಟ್ಟು ಹಿಡಿಯುತ್ತಾರೆ. ಮುಂದೆ ಆಗುವುದು ಒಳ್ಳೆಯದಲ್ಲ. ಸುಮ್ನೆ ಕ್ಲಿಕ್ ಮಾಡಿದವನದ್ದೂ ಹೊಣೆ ಇದೆಯಾ ಅಂತ ಪನಾಹಿ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. 2022ರಲ್ಲಿ ವೆನಿಸ್‌ನಲ್ಲಿ ಈ ಸಿನಿಮಾಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂದಾಗ ಅವರು ಜೈಲಿನಲ್ಲಿದ್ದರು. ತನ್ನ ದೇಶದಲ್ಲಿ ತನ್ನ ಸಿನಿಮಾ ತೋರಿಸಲು ಆಗದವರು ಇಂಥ ಪ್ರಶ್ನೆ ಕೇಳಿಕೊಂಡರು ಅನ್ನುವುದು ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಪನಾಹಿಗೂ ದೂರದವರೇ ಗತಿಯಾಗಿದ್ದರು, ಅಲ್ವಾ? 2010ರಲ್ಲಿ 20 ವರ್ಷ ಸಿನಿಮಾ ಮಾಡಬಾರದು ಅಂತ ಅವರಿಗೆ ನಿಷೇಧ ಹಾಕಿದರು. ಮರುವರ್ಷವೇ ಮನೆಯಲ್ಲಿ ಕೂತು ಮಾಡಿದ ಒಂದು ಸಿನಿಮಾ ಫ್ರಾನ್ಸಿನ ಕಾನ್ ಫೆಸ್ಟಿವಲ್‌ನಲ್ಲಿ ತೆರೆ ಕಂಡಿತು. ಪೆನ್‌ಡ್ರೈವ್‌ನಲ್ಲಿ ತುಂಬಿ, ಕೇಕ್ ಒಳಗೆ ಬಚ್ಚಿಟ್ಟು ಸಾಗಿಸಿದರು ಅನ್ನುವ ಕಥೆ ಆಗ ಎಲ್ಲ ಕಡೆ ಓಡಾಡಿತ್ತು. ಆದರೆ ಅವರಿಗೂ ಅಜ್ಜಿಗೂ ಒಂದು ವ್ಯತ್ಯಾಸ ಇದೆ. ಪನಾಹಿಗೆ ತನ್ನ ಜನ ನೋಡಬೇಕು ಅಂತ ಆಸೆ, ಬಿಡುವುದಿಲ್ಲ. ಅಜ್ಜಿಗೆ ತನ್ನ ಜನ ನೋಡುವುದೇ ಬೇಡ. ಇಬ್ಬರ ಸಿನಿಮಾವನ್ನೂ ನಾವು ಒಂದೇ ಥರದ ಸೀಟಿನಲ್ಲಿ ಕೂತು ನೋಡಿ, ಒಂದೇ ಥರ ಚಪ್ಪಾಳೆ ತಟ್ಟಿ ಏಳುತ್ತೇವೆ.

ದೂರ ಅನ್ನುವುದೂ ಈಗ ಮುಂಚಿನ ಹಾಗಿಲ್ಲ. 1972ರಲ್ಲಿ ರಾಟರ್‌ಡ್ಯಾಮ್ ಫೆಸ್ಟಿವಲ್ ಶುರುವಾದ ರಾತ್ರಿ ಸಭಾಂಗಣದಲ್ಲಿದ್ದದ್ದು 17 ಜನ. ಆಗ ರೀಲು ಡಬ್ಬಿಯಲ್ಲಿ ಬಂದು ಡಬ್ಬಿಯಲ್ಲೇ ಹೋಗುತ್ತಿತ್ತು. ಯಾರಾದರೂ ಆ ಕಾಲದಲ್ಲಿ ‘ದೂರದವರು ನೋಡ್ತಾರೆ’ ಅಂತ ಮಾತು ಕೊಟ್ಟಿದ್ದರೆ ಉಳಿಸಿಕೊಳ್ಳಬಹುದಿತ್ತು. ರೀಲು ಹೋಗಿ ಪೆನ್‌ಡ್ರೈವ್ ಬಂತು, ಈಗ ತೀರ್ಪುಗಾರರಿಗೂ ಪತ್ರಕರ್ತರಿಗೂ ಕಳಿಸುವುದು ಬರೀ ಒಂದು ಲಿಂಕ್. ಅಜ್ಜಿ ನಕ್ಕಿದ್ದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ‘ಎಷ್ಟು ಮುದ್ದಾಗಿದ್ದಾರೆ ನೋಡಿ’ ಅಂತ ಹಾಕಿದರೆ ಸಾಕು, ಬೆಳಗಾಗುವುದರೊಳಗೆ ಅವರ ಅಳಿಯನ ಫೋನಿಗೆ ಬಂದು ಬೀಳುತ್ತದೆ. ನನ್ನ ಮುಂದಿನ ಸಾಲಿನ ಹುಡುಗ ಆ ದೃಶ್ಯ ಬಂದಾಗ ಫೋನ್ ಎತ್ತಿ ಹಿಡಿದಿದ್ದ. ಪಕ್ಕದವರು ಗದರಿದ ಮೇಲೆ ಇಳಿಸಿದ. ಹಿಡಿದಿದ್ದು ಅಷ್ಟರಲ್ಲೇ ಉಳಿಯಿತಾ, ಅಳಿಸಿದನಾ, ಯಾರಿಗೆ ಗೊತ್ತು.

ಇಷ್ಟೆಲ್ಲ ಗೊತ್ತಿದ್ದೂ ಆ ದೃಶ್ಯ ಇರಬಾರದಿತ್ತು ಅಂತ ನನಗೆ ಅನ್ನಿಸುತ್ತಿಲ್ಲ. ಆ ಮಾತನ್ನು ಅವರು ಎಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರೋ. ಹೇಳಲು ಒಂದು ಕಿವಿ ಬೇಕಿತ್ತು, ಸಿಕ್ಕಿತು. ಕೇಳಿಸಿಕೊಂಡ ಮೇಲೆ ನಮ್ಮ ಕೆಲಸ ಏನು ಅಂತ ಮಾತ್ರ ಯಾವ ಫೆಸ್ಟಿವಲ್‌ನ ಪುಸ್ತಕದಲ್ಲೂ ಬರೆದಿರುವುದಿಲ್ಲ. ಸ್ಟಾರ್ ಕೊಡಿ, ಮತ ಹಾಕಿ ಅಂತ ಚೀಟಿ ಕೊಡುತ್ತಾರೆ. ಆ ಮಾತಿಗೆ ಐದಕ್ಕೆ ನಾಲ್ಕೂವರೆ ಅಂತ ನಂಬರ್ ಹಾಕುವುದೇ?

ಮೆಟ್ಟಿಲ ಹತ್ತಿರ ನಿರ್ದೇಶಕಿ ಸಿಕ್ಕರು. ಸುತ್ತ ನಾಲ್ಕೈದು ಜನ ಇದ್ದರು. ಮೂರನೇ ಸಾಲಿನ ಹೆಂಗಸು ಅಲ್ಲಿಗೂ ಬಂದಿದ್ದರು, ಭಲೇ ಅನ್ನಿಸಿತು. ತಡೆದ ಪ್ರಶ್ನೆಯನ್ನು ಈಗ ಕೇಳಿದರು: “ಹಾಗಾದ್ರೆ ಯಾವತ್ತೂ ಅಲ್ಲಿ ತೋರಿಸಲ್ವಾ?”

ಸಿನಿಮಾದ ಹಕ್ಕನ್ನು ದೇಶದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ತನ್ನ ದೇಶದ ಹಕ್ಕನ್ನು ಮಾತ್ರ ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿದ್ದೇನೆ ಅಂದರು ನಿರ್ದೇಶಕಿ. ಮೊದಲ ಸಿನಿಮಾ ಮಾಡಿ ಸಾಲದಲ್ಲಿರುವವರಿಗೆ ಅದು ಸಣ್ಣ ವಿಷಯ ಅಲ್ಲ.

ನನ್ನ ಗೆಳೆಯ ಬಿಡುತ್ತಾನಾ? “ಯಾರಾದ್ರೂ ಕದ್ದು ಹಾಕಿದ್ರೆ?” ಅಂದ.

“ಸಿನಿಮಾ ಊರು ಮುಟ್ಟೋ ಮುಂಚೆ ನಾನು ಮುಟ್ಟಬೇಕು” ಅಂದರು ಆಕೆ. “ಕಷ್ಟ ಏನು ಗೊತ್ತಾ? ನಮ್ಮೂರಿಗೆ ನೆಟ್‌ವರ್ಕ್ ಬಂದಿದೆ, ರಸ್ತೆ ಬಂದಿಲ್ಲ.”

ಗೆಳೆಯ ಅದಕ್ಕೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸಿನಿಮಾಕ್ಕೆ ಬಾಗಿಲು ತೆರೆದರು. ಇಬ್ಬರೂ ಸೀಟು ಹಿಡಿಯಲು ಓಡಿದೆವು.