ಕೆಲಸದ ಅನುಭವಕ್ಕೆ ಕಾಲೇಜಿನಲ್ಲಿ ಕ್ರೆಡಿಟ್ ಸಿಗುತ್ತಾ?

"ಅಕ್ಕಾ, ಇಲ್ಲಿ ಕೆಲಸ ಮಾಡಿದ ಅನುಭವಕ್ಕೂ ಕಾಲೇಜಿನವರು ಕ್ರೆಡಿಟ್ ಕೊಡ್ತಾರಂತೆ, ನಿಜಾನಾ?"

ನ್ಯೂಜೆರ್ಸಿಯಲ್ಲಿ ಕನ್ನಡದವರು ಸೇರಿದ ಕಡೆಯೆಲ್ಲ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಇದನ್ನು ಕೇಳುತ್ತಾರೆ. ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗ ಕೇಳಿದ್ದಾರೆ. ಮಕ್ಕಳ ಕನ್ನಡ ಶಾಲೆಯ ಹೊರಗೆ, ಕಾರಿನ ಕಿಟಕಿ ಇಳಿಸಿ ಕೇಳಿದ್ದಾರೆ. ಹೆಚ್ಚಿನವರು ಹೆಂಗಸರು. ಊರಿನಲ್ಲಿ ಡಿಗ್ರಿ ಅರ್ಧಕ್ಕೆ ನಿಂತು, ಮದುವೆಯಾಗಿ ಇಲ್ಲಿಗೆ ಬಂದವರು. ಸ್ವಲ್ಪ ದನಿ ತಗ್ಗಿಸಿಯೇ ಕೇಳುತ್ತಾರೆ. ಆ ತಗ್ಗಿದ ದನಿ ನನಗೆ ಚೆನ್ನಾಗಿ ಗೊತ್ತು. ನಾನೂ ಒಂದು ಕಾಲದಲ್ಲಿ ಹಾಗೇ ಕೇಳಿದ್ದೆ.

ಸಿಗುತ್ತೆ. ಆದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಈ ಕ್ರೆಡಿಟ್ಟನ್ನು ಇಷ್ಟು ವರ್ಷ ಕೆಲಸ ಮಾಡಿದೆ ಅಂತ ಕೊಡುವುದಿಲ್ಲ. ಆ ವರ್ಷಗಳಲ್ಲಿ ಏನು ಕಲಿತಿರಿ ಅಂತ ನೋಡಿ ಕೊಡುತ್ತಾರೆ. ಈ ಎರಡರ ನಡುವೆ ಎಷ್ಟು ದೂರ ಇದೆ ಅಂತ ನನಗೆ ಅರ್ಥವಾಗಲು ಒಂದು ಚಳಿಗಾಲವೇ ಬೇಕಾಯಿತು.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿ ನಿಲ್ಲಿಸಿದವಳು. 2004ರಲ್ಲಿ ಇಲ್ಲಿಗೆ ಬಂದೆ, ಎಚ್-4 ಅನ್ನುವ ಅವಲಂಬಿತರ ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ, 2011ರಲ್ಲಿ, ಒಂದು ಡೇಕೇರಿಗೆ ಅಸಿಸ್ಟೆಂಟ್ ಆಗಿ ಸೇರಿದೆ. ಒಂದರಿಂದ ಎರಡೂವರೆ ವರ್ಷದ ಮಕ್ಕಳ ಕೋಣೆ. ಕೆಲಸ ಇಷ್ಟವಾಯಿತು. ಆದರೆ ಈ ರಾಜ್ಯದಲ್ಲಿ ಸರ್ಕಾರಿ ಪ್ರೀಸ್ಕೂಲಿನಲ್ಲಿ ಟೀಚರ್ ಆಗಬೇಕಾದರೆ ಡಿಗ್ರಿ ಬೇಕು, ಅದರ ಮೇಲೆ ಸರ್ಟಿಫಿಕೇಟೂ ಬೇಕು. ಹಾಗಾಗಿ 2017ರಲ್ಲಿ, ಮಗ ಹೈಸ್ಕೂಲಿಗೆ ಹೋಗುವಾಗ, ನಾನೂ ಕಾಲೇಜಿಗೆ ಸೇರಿದೆ.

ಅನುಭವದಿಂದ ಕಲಿತದ್ದಕ್ಕೆ ಕ್ರೆಡಿಟ್ ಕೊಡುವ ಪದ್ಧತಿ ಇಲ್ಲಿ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಕಾಲೇಜು ಸೇರಿದಾಗಲೇ, ಸೈನ್ಯದಲ್ಲಿ ಆದ ತರಬೇತಿಗೆ ಎಷ್ಟು ಕ್ರೆಡಿಟ್ ಕೊಡಬೇಕು ಅನ್ನುವ ಲೆಕ್ಕ ಶುರುವಾಯಿತು. 1970ರ ದಶಕದ ಆರಂಭದಲ್ಲಿ ವಯಸ್ಕರಿಗಾಗಿಯೇ ಕಾಲೇಜುಗಳು ಹುಟ್ಟಿಕೊಂಡವು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ 1971ರಲ್ಲಿ, ನಮ್ಮ ಟ್ರೆಂಟನ್ನಿನ ಥಾಮಸ್ ಎಡಿಸನ್ 1972ರಲ್ಲಿ. ಕಲಿತದ್ದನ್ನು ಅಳೆಯುವುದು ಹೇಗೆ ಅಂತ ನಿಯಮ ಮಾಡಿದವರಲ್ಲಿ ಮುಖ್ಯವಾದದ್ದು ಕೇಲ್ ಅನ್ನುವ ಸಂಸ್ಥೆ. 1974ರಲ್ಲಿ ಅದು ಶುರುವಾದದ್ದು ಈಟಿಎಸ್‌ನ ಒಂದು ಯೋಜನೆಯಾಗಿ. ಹೌದು, ನಾವೆಲ್ಲ ಟೋಫೆಲ್, ಜಿಆರ್‌ಇ ಅಂತ ಹೆದರಿಕೊಂಡು ಬರೆಯುವ ಪರೀಕ್ಷೆಗಳ ಅದೇ ಈಟಿಎಸ್. ಮನೆ ನಡೆಸಿದ, ಸ್ವಯಂಸೇವೆ ಮಾಡಿದ ಹೆಂಗಸರು ತಾವು ಕಲಿತದ್ದಕ್ಕೆ ಕ್ರೆಡಿಟ್ ಪಡೆಯುವುದು ಹೇಗೆ ಅಂತ ಆ ದಶಕದಲ್ಲೇ ಈಟಿಎಸ್‌ನವರು ಒಂದು ಪುಸ್ತಕ ಹೊರತಂದಿದ್ದರು. ಇದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ದನಿ ತಗ್ಗಿಸಿ ಕೇಳುವ ಪ್ರಶ್ನೆಯನ್ನು ನಮಗಿಂತ ಎಷ್ಟೋ ಮೊದಲೇ ಯಾರೋ ಗಟ್ಟಿಯಾಗಿ ಕೇಳಿದ್ದರಲ್ಲ ಅಂತ.

ಹೀಗೆ ಕಲಿತದ್ದನ್ನು ಬರೆದು ತೋರಿಸಿ ಕ್ರೆಡಿಟ್ ಕೇಳುವ ಕಡತಕ್ಕೆ ಪೋರ್ಟ್‌ಫೋಲಿಯೋ ಅನ್ನುತ್ತಾರೆ. ಅದು ಹೇಗೆ ಅಂತ ಈಗ ಹೇಳುತ್ತೇನೆ. ಕಾಲೇಜಿನಲ್ಲಿ ಇರುವ ಒಂದು ಕೋರ್ಸನ್ನು ನೀವು ಆರಿಸಿಕೊಳ್ಳುತ್ತೀರಿ. ಅದರ ಸಿಲಬಸ್ ಇಟ್ಟುಕೊಂಡು, ಕೋರ್ಸು ಮುಗಿಸಿದವರಿಗೆ ಏನೇನು ಗೊತ್ತಿರಬೇಕು ಅಂತ ಅದರಲ್ಲಿ ಹೇಳಿದೆಯೋ, ಅದೆಲ್ಲ ನಿಮಗೆ ಆಗಲೇ ಗೊತ್ತು ಅಂತ ಒಂದೊಂದಾಗಿ ಬರೆದು ತೋರಿಸುತ್ತೀರಿ. ಜೊತೆಗೆ ಪುರಾವೆ ಇಡುತ್ತೀರಿ. ನೀವು ಮಾಡಿದ ಕೆಲಸದ ಕಾಗದ ಪತ್ರ, ಫೋಟೋ, ತರಬೇತಿ ಸರ್ಟಿಫಿಕೇಟು, ಮೇಲಿನವರ ಪತ್ರ. ಆ ವಿಷಯ ಪಾಠ ಮಾಡುವ ಪ್ರೊಫೆಸರ್ ಒಬ್ಬರು ಓದಿ, ಕೊಡಬಹುದೋ ಬೇಡವೋ ಹೇಳುತ್ತಾರೆ. ಫೀಸು ಇದೆ. ಬಹಳ ಕಡೆ ಕೋರ್ಸಿನ ಫೀಸಿಗಿಂತ ಕಡಿಮೆ.

ಕೇಳೋಕೆ ಸುಲಭ ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಒಂದೇ ವಾರಾಂತ್ಯದಲ್ಲಿ 8 ಪುಟ ಬರೆದು ಕೊಟ್ಟೆ. ಶಿಶುಗಳ ಬೆಳವಣಿಗೆ ಅನ್ನುವ ಕೋರ್ಸಿಗೆ. ನನಗೆ ಮಕ್ಕಳೆಂದರೆ ಪ್ರೀತಿ, ನನಗೆ ತಾಳ್ಮೆ ಜಾಸ್ತಿ, ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಕಚ್ಚುವ ಮಕ್ಕಳನ್ನೂ ಸರಿದಾರಿಗೆ ತಂದಿದ್ದೇನೆ. ಹೀಗೆ. ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಅದನ್ನು ವಾಪಸ್ ಕಳಿಸಿದರು. "ತಾಳ್ಮೆ" ಅನ್ನುವ ಪದ ಇದ್ದಲ್ಲೆಲ್ಲ ಸುತ್ತು ಹಾಕಿದ್ದರು. ಕಚ್ಚುವ ಮಗುವಿನ ವಾಕ್ಯದ ಪಕ್ಕ ಮಾತ್ರ ಒಂದು ಪ್ರಶ್ನೆ ಬರೆದಿದ್ದರು. ಅದು ಯಾಕೆ ಕಚ್ಚುತ್ತಿತ್ತು, ನಿಮಗೆ ಹೇಗೆ ಗೊತ್ತಾಯಿತು?

ಹೇಗೆ ಗೊತ್ತಾಯಿತು? ಸುಮ್ನೆ ಕೂತು ಯೋಚಿಸಿದೆ. ಆಮೇಲೆ ಕಪಾಟಿನ ಮೇಲಿನ ಡಬ್ಬಿ ಇಳಿಸಿ ನನ್ನ ಹಳೇ ನೋಟ್‌ಬುಕ್ ತೆಗೆದೆ.

ಆ ಹುಡುಗನಿಗೆ ಆಗ ಒಂದೂವರೆ ವರ್ಷ. ವಾರದಲ್ಲಿ ಆರು ಸಲ ಬೇರೆ ಮಕ್ಕಳನ್ನು ಕಚ್ಚಿದ್ದ. ಅಪ್ಪ ಅಮ್ಮಂದಿರಿಂದ ದೂರು ಬರತೊಡಗಿತ್ತು. ನಾನು ಯಾರೂ ಹೇಳದೆಯೇ ಒಂದು ಪುಟಕ್ಕೆ ಗೆರೆ ಎಳೆದು ಮೂರು ಕಾಲಮ್ಮು ಮಾಡಿದ್ದೆ. ಕಚ್ಚುವ ಮೊದಲು ಏನಾಗುತ್ತಿತ್ತು, ಯಾರನ್ನು ಕಚ್ಚಿದ, ಆಮೇಲೆ ಏನಾಯಿತು. ಪಕ್ಕದಲ್ಲಿ ಹೊತ್ತು. ಆರರಲ್ಲಿ ನಾಲ್ಕು ಸಲ 11ರಿಂದ 11.30ರ ಒಳಗೆ. ಅಂದರೆ ಊಟಕ್ಕೆ ಮುಂಚೆ, ಕೈ ತೊಳೆಯಲು ಮಕ್ಕಳೆಲ್ಲ ಸಿಂಕಿನ ಹತ್ತಿರ ನೂಕಾಡುವ ಹೊತ್ತು. ಒಬ್ಬ ಟೀಚರ್ ಡೈಪರ್ ಬದಲಾಯಿಸುತ್ತಿರುತ್ತಾರೆ. ಹುಡುಗನಿಗೆ ಹಸಿವು, ದವಡೆ ಹಲ್ಲು ಬರುವ ನೋವು, "ಆಚೆ ಸರಿ" ಅನ್ನಲು ಬಾಯಲ್ಲಿ ಮಾತಿಲ್ಲ. ಇರುವುದು ಹಲ್ಲು ಮಾತ್ರ.

ಅವನಿಗೆ 10.30ಕ್ಕೆ ಬಾಳೆಹಣ್ಣು ಕೊಡಲು ಶುರು ಮಾಡಿದೆ. ಕೈ ತೊಳೆಯಲು ಮೂರು ಮೂರೇ ಮಕ್ಕಳನ್ನು ಕಳಿಸಿದೆ. ಕಚ್ಚಲು ತಣ್ಣಗಿನ ಟೀಥರ್ ಕೈಗೆ ಕೊಟ್ಟೆ. "ಈಗ ನನ್ನ ಸರದಿ" ಅಂತ ಎದೆ ಮುಟ್ಟಿ ತೋರಿಸುವುದನ್ನು ಕಲಿಸಿದೆ. ಮೂರನೇ ವಾರದ ಪುಟದಲ್ಲಿ ಒಂದೇ ಒಂದು ಗೀಟು ಇದೆ.

ಎರಡನೇ ಸಲ ಬರೆದದ್ದು ಇದನ್ನೇ. ಆ ವಯಸ್ಸಿನಲ್ಲಿ ಮಕ್ಕಳಿಗೆ ಆಡುವ ಮಾತಿಗಿಂತ ಅರ್ಥವಾಗುವ ಮಾತು ಬಹಳ ಜಾಸ್ತಿ. ಆ ಅಂತರದಲ್ಲೇ ಕಚ್ಚುವುದು, ಹೊಡೆಯುವುದು ಎಲ್ಲ ಹುಟ್ಟುತ್ತೆ. ಮಗುವನ್ನು ತಿದ್ದುವ ಮೊದಲು ಕೋಣೆಯನ್ನು, ಹೊತ್ತನ್ನು ತಿದ್ದಬೇಕು. ನನ್ನ ಮೂರು ಕಾಲಮ್ಮಿಗೂ ಪಠ್ಯಪುಸ್ತಕದಲ್ಲಿ ಒಂದು ಹೆಸರಿತ್ತು, ಎಬಿಸಿ ದಾಖಲೆ ಅಂತ: ಮೊದಲು ಆದದ್ದು, ಮಗು ಮಾಡಿದ್ದು, ಆಮೇಲೆ ಆದದ್ದು, ಈ ಮೂರರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಓದಿದಾಗ ಅತ್ತುಬಿಟ್ಟೆ. ಇಷ್ಟು ದಿನ ನಾನು ಮಾಡಿದ್ದು ಬರೀ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅಂದುಕೊಂಡಿದ್ದೆ. ಊರಿನವರೂ ಹಾಗೇ ಅಂದಿದ್ದರು. ಅದರಲ್ಲಿ ಒಂದು ಶಾಸ್ತ್ರ ಇತ್ತು, ನನಗೆ ಅದು ಗೊತ್ತಿತ್ತು, ಗೊತ್ತಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ನಮ್ಮವರಿಗೆ ಇದನ್ನು ಬರೆಯುವಾಗ ಒಂದು ಕಷ್ಟ ಬರುತ್ತೆ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ಅಂತ ಕಲಿಸಿ ಬೆಳೆಸಿದ್ದಾರೆ. ನನ್ನ ಮೊದಲ ಪ್ರತಿಯಲ್ಲಿ ಎಲ್ಲ ಕಡೆ "ನಾವು ಮಾಡಿದೆವು" ಅಂತಲೇ ಇತ್ತು. ಓದುವ ಪ್ರೊಫೆಸರಿಗೆ ಇದರಲ್ಲಿ ನಿಮ್ಮ ಪಾಲು ಎಷ್ಟು ಅಂತ ತಿಳಿಯಬೇಕು. "ನಾನು" ಅಂತ ಬರೆಯಿರಿ. ಅದು ಜಂಬ ಅಲ್ಲ, ಲೆಕ್ಕ ಒಪ್ಪಿಸುವುದು. ಮೇಲಿನವರಿಂದ ತರುವ ಪತ್ರವೂ ಹಾಗೇ. "ಬಹಳ ಒಳ್ಳೆಯವರು, ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ" ಅನ್ನುವ ಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಜವಾಬ್ದಾರಿ, ಅವರೇ ಕಣ್ಣಾರೆ ಏನು ನೋಡಿದರು, ಅದನ್ನು ಬರೆಸಿಕೊಳ್ಳಿ. ನೋಟ್‌ಬುಕ್ಕಿನ ಪುಟ ಲಗತ್ತಿಸುವಾಗ ಮಕ್ಕಳ ಹೆಸರನ್ನೆಲ್ಲ ಕಪ್ಪು ಮಸಿಯಲ್ಲಿ ಮುಚ್ಚಿದ್ದೆ. ಇದನ್ನು ಮರೆಯಬೇಡಿ.

ನಾಲ್ಕು ಕೋರ್ಸಿಗೆ ಪೋರ್ಟ್‌ಫೋಲಿಯೋ ಕೊಟ್ಟೆ, ಮೂರು ಪಾಸಾಯಿತು. ಮಕ್ಕಳ ಪೋಷಣೆಯ ಕೋರ್ಸು ಆಗಲಿಲ್ಲ. ಅದಕ್ಕೆ ನಾನು ಇಟ್ಟಿದ್ದ ಪುರಾವೆ ಎರಡು ವರ್ಷದ ಊಟದ ಮೆನುಗಳು. ಆ ಮೆನು ಯಾಕೆ ಹಾಗಿತ್ತು, ಕಬ್ಬಿಣದ ಅಂಶ ಎಷ್ಟು ಬೇಕು, ಯಾವ ವಯಸ್ಸಿಗೆ ಏನು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಬರೆದಿರಲಿಲ್ಲ. ನಿಜ ಹೇಳಬೇಕೆಂದರೆ ಅರ್ಧ ನನಗೆ ಗೊತ್ತೂ ಇರಲಿಲ್ಲ. ಕೊಡದೇ ಇದ್ದದ್ದು ಸರಿ. ಆ ಕೋರ್ಸನ್ನು ಆಮೇಲೆ ಕೂತು ಓದಿದೆ, ಬಹಳ ಕಲಿತೆ.

ಪೂರ್ತಿ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಪೋರ್ಟ್‌ಫೋಲಿಯೋದಿಂದಲೇ ಡಿಗ್ರಿ ಬರುತ್ತೆ ಅಂತ ಕೆಲವರು ಅಂದುಕೊಂಡಿರುತ್ತಾರೆ. ಇಲ್ಲಿ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಮೈಸೂರಿನ ಎರಡು ವರ್ಷದ ಅಂಕಪಟ್ಟಿಗಳನ್ನು ಇಲ್ಲಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿದ್ದಕ್ಕೆ 54 ಬಂತು. ವ್ಯರ್ಥವಾಯಿತು ಅಂತ ಅಮ್ಮ ಕೊರಗುತ್ತಿದ್ದ ಅದೇ ಎರಡು ವರ್ಷ! ಪಾಸಾದರೆ ಕ್ರೆಡಿಟ್ ಸಿಗುವ ಕ್ಲೆಪ್ ಪರೀಕ್ಷೆ ನಾಲ್ಕು ಬರೆದೆ, 12 ಬಂತು. ಸಿಡಿಎ ಅನ್ನುವ, ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವವರ ಸರ್ಟಿಫಿಕೇಟಿಗೆ 6. ಅದಕ್ಕೆ 120 ಗಂಟೆ ತರಬೇತಿ, 480 ಗಂಟೆ ಕೆಲಸ, ಒಂದು ಪರೀಕ್ಷೆ ಎಲ್ಲ ಆಗಿರಬೇಕು. ಪೋರ್ಟ್‌ಫೋಲಿಯೋದಿಂದ 9. ಉಳಿದ 39, ಅಂದರೆ 13 ಕೋರ್ಸು, ರಾತ್ರಿ ಮಕ್ಕಳು ಮಲಗಿದ ಮೇಲೆ ಓದಿ ಮುಗಿಸಿದ್ದು. 2021ರಲ್ಲಿ ಡಿಗ್ರಿ ಕೈಗೆ ಬಂತು.

ಕ್ಲೆಪ್ ವಿಷಯ ಬಂತಲ್ಲ, ಅದನ್ನೂ ಎಲ್ಲರೂ ನೋಡಬೇಕು. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುತ್ತೆ, ಹೆಚ್ಚಿನವು ಒಂದೂವರೆ ಗಂಟೆಯ ಪರೀಕ್ಷೆ. ಪುಸ್ತಕದಿಂದ ಕಲಿತದ್ದಕ್ಕೆ ಪೋರ್ಟ್‌ಫೋಲಿಯೋಗಿಂತ ಇದೇ ಹತ್ತಿರದ ದಾರಿ. ಭಾಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತ್ರ ಇವೆ, ಕನ್ನಡಕ್ಕೆ ಇಲ್ಲ. ಅದೊಂದು ಬೇಸರ ನನಗೆ ಇದ್ದೇ ಇದೆ.

"20 ವರ್ಷ ಅಡುಗೆ ಮಾಡಿದ್ದೀನಿ, ಅದಕ್ಕೂ ಕೊಡ್ತಾರಾ?" ಅಂತಲೂ ಕೇಳುತ್ತಾರೆ. ಮನೆಯಲ್ಲಿ ಅಡುಗೆ ಮಾಡಿದೆ ಅಂದಷ್ಟಕ್ಕೇ ಕೊಡುವುದಿಲ್ಲ. ಆದರೆ ನನಗೆ ಗೊತ್ತಿರುವ ಒಬ್ಬರು ನೂರು ಜನರ ಊಟ ಮಾಡಿಕೊಡುತ್ತಾರೆ. ಬಿಸಿ ಸಾರು 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಾರದು, ಮೊಸರನ್ನ 41 ದಾಟಬಾರದು, ಯಾಕೆ ಅಂತ ಅವರು ಬಿಡಿಸಿ ಹೇಳಬಲ್ಲರು. ಒಂದು ತಟ್ಟೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಪೈಸೆ ಲೆಕ್ಕ ಇಟ್ಟಿದ್ದಾರೆ. ಅಂಥ ಕೋರ್ಸು ಇರುವ ಕಾಲೇಜು ಸಿಕ್ಕರೆ ಅವರಿಗೆ ದಾರಿ ಇದೆ. ನೀವು ಬರೆಯಲೇಬೇಕು ಅಂತ ಅವರನ್ನು ಒತ್ತಾಯ ಮಾಡುತ್ತಲೇ ಇದ್ದೇನೆ.

ಹಣ ಕಟ್ಟುವ ಮೊದಲು ಎರಡು ಮಾತು. ಒಂದು ಕಾಲೇಜು ಕೊಟ್ಟ ಪೋರ್ಟ್‌ಫೋಲಿಯೋ ಕ್ರೆಡಿಟ್ಟನ್ನು ಇನ್ನೊಂದು ಕಾಲೇಜು ಒಪ್ಪಲೇಬೇಕು ಅಂತೇನೂ ಇಲ್ಲ. ಮುಂದೆ ಮಾಸ್ಟರ್ಸ್ ಮಾಡುವುದಿದ್ದರೆ, ಅಥವಾ ನರ್ಸಿಂಗ್, ಟೀಚಿಂಗ್ ತರಹ ಲೈಸೆನ್ಸ್ ಬೇಕಾದ ದಾರಿ ಹಿಡಿದಿದ್ದರೆ, ಅಲ್ಲಿಗೇ ಮೊದಲು ಕೇಳಿ, ಉತ್ತರವನ್ನು ಈಮೇಲಿನಲ್ಲಿ ತೆಗೆದುಕೊಳ್ಳಿ. ಎರಡನೆಯದು, ರೆಸ್ಯೂಮೆ ಕಳಿಸಿ, ಹಣ ಕಟ್ಟಿ, ಹತ್ತು ದಿನದಲ್ಲಿ ಡಿಗ್ರಿ ತಗೊಳ್ಳಿ ಅನ್ನುವವರ ಹತ್ತಿರ ಸುಳಿಯಬೇಡಿ. ಕರಾಚಿಯ ಆಕ್ಸಾಕ್ಟ್ ಕಂಪನಿ ಇಂಥ ನಕಲಿ ಡಿಗ್ರಿ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. ಜೀವನಾನುಭವಕ್ಕೆ ಡಿಗ್ರಿ ಅನ್ನುವ ಮಾತನ್ನೇ ಇವರು ಗಾಳವಾಗಿ ಬಳಸುತ್ತಾರೆ. ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಅಮೆರಿಕದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಊರಿನಲ್ಲಿ ಇರುವ ತಂಗಿಯರೂ ಕೇಳುತ್ತಾರೆ. ಅಲ್ಲೂ ಬಾಗಿಲು ತೆರೆಯುತ್ತಿದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಭಾಗ ಇದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಗಂಟೆ ಕಲಿಕೆಗೆ 40 ಕ್ರೆಡಿಟ್ ಅಂತ ಲೆಕ್ಕ ಹಾಕಿ, ಕೆಲಸದ ಅನುಭವವನ್ನೂ ಅದರೊಳಗೆ ಸೇರಿಸಿದ್ದಾರೆ. ಅಲ್ಲೂ ಪರೀಕ್ಷಿಸಿ ನೋಡಿದ ಮೇಲೆಯೇ ಕ್ರೆಡಿಟ್.

ಹೋದ ಭಾನುವಾರ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಹಾಸನದವಳು, ಒಂದು ಡಾಕ್ಟರ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕ್ ಕೆಲಸ, ಒಂಬತ್ತು ವರ್ಷ. "ನನಗೇನು ಗೊತ್ತಕ್ಕಾ, ಬರೀ ಅಪಾಯಿಂಟ್‌ಮೆಂಟ್ ಕೊಡ್ತೀನಿ" ಅಂದಳು. ಒಂದು ದಿನಕ್ಕೆ ಎಷ್ಟು ಜನರನ್ನು ಹಾಕಿಕೊಳ್ಳುತ್ತೀಯ ಅಂತ ಕೇಳಿದೆ. ಸೋಮವಾರ ಕಡಿಮೆ ಹಾಕುತ್ತಾಳಂತೆ, ವಾರಾಂತ್ಯದಲ್ಲಿ ಹುಷಾರು ತಪ್ಪಿದವರು ಹೇಳದೆ ಕೇಳದೆ ಬರುತ್ತಾರೆ ಅಂತ. ಇನ್ಶೂರೆನ್ಸಿನವರು ಬಿಲ್ ತಿರಸ್ಕರಿಸಿದರೆ ಮೊದಲು ಯಾವ ಕೋಡ್ ನೋಡಬೇಕು ಅಂತ ಹತ್ತು ನಿಮಿಷ ಹೇಳಿದಳು. ಪೆನ್ನು ಕಾಗದ ತಗೋ, ಈಗ ಹೇಳಿದ್ದನ್ನೇ ಬರಿ ಅಂದೆ.