ನಾಲ್ಕು ಪುಸ್ತಕ, ಒಂದು ಪಟ್ಟಿ

ಎಂಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಮ್ಮ ಕಾಲೇಜಿನಲ್ಲಿ ಎರಡು ಷರತ್ತುಗಳಿದ್ದವು. ವಿಷಯ ನಿಜವಾದ ವ್ಯಾಪಾರಸ್ಥರೊಬ್ಬರ ತೊಂದರೆಯೇ ಆಗಿರಬೇಕು. ತಂಡವನ್ನು ನಾವು ಆರಿಸಿಕೊಳ್ಳುವಂತಿಲ್ಲ. ಚೀಟಿ ಎತ್ತಿ ನಾಲ್ವರನ್ನು ಕೂಡಿಸಿದರು. ಬಳ್ಳಾರಿಯ ಗೆಳೆಯ ರಾತ್ರಿಯಿಡೀ ಕೋಡ್ ಬರೆಯಬಲ್ಲವನು, ಹಗಲಿನಲ್ಲಿ ಯಾರೊಂದಿಗೂ ಮಾತನಾಡದವನು. ಶಿರಸಿಯ ಗೆಳತಿ ಎಲ್ಲರೊಂದಿಗೂ ಮಾತನಾಡಬಲ್ಲವಳು. ಮೈಸೂರಿನವಳಿಗೆ ಬಿ.ಕಾಂ. ಓದಿದ ಲೆಕ್ಕದ ಬಲವಿತ್ತು. ನಾನು ಗದಗ ಕಡೆಯವನು, ಎಲ್ಲವನ್ನೂ ಅರ್ಧರ್ಧ ಬಲ್ಲವನು. ಹಾಗಾಗಿ ವರದಿ ಬರೆಯುವ ಕೆಲಸ ನನಗೆ ಬಂತು.

ಶಿರಸಿಯವಳ ಸೋದರಮಾವನಿಗೆ ಅಲ್ಲಿ ಅಡಿಕೆಯ ದಲಾಲಿ ಮಂಡಿ ಇತ್ತು. ಅವರು ಮೊದಲ ಭೇಟಿಯಲ್ಲೇ ಕೇಳಿದ್ದು ಮೊಬೈಲ್ ಆ್ಯಪ್. ಏಕೆ ಬೇಕು ಎಂದರೆ, ಪಕ್ಕದ ಮಂಡಿಯವರೂ ಮಾಡಿಸುತ್ತಿದ್ದಾರಂತೆ. ಬಳ್ಳಾರಿಯವನು ಅಲ್ಲಿಯೇ ಲ್ಯಾಪ್‌ಟಾಪ್ ತೆರೆದ. ಮೈಸೂರಿನವಳು ಅದನ್ನು ಮುಚ್ಚಿ, "ಮೊದಲು ನಿಮ್ಮ ಪುಸ್ತಕ ತೋರಿಸಿ ಸರ್" ಎಂದಳು. ಆ ಪ್ರಾಜೆಕ್ಟಿನ ಅತ್ಯುತ್ತಮ ವಾಕ್ಯ ಅದೇ ಎಂದು ನನಗೆ ಇಂದಿಗೂ ಅನಿಸುತ್ತದೆ.

ಪುಸ್ತಕಗಳ ಒಡೆಯರು ಗುಮಾಸ್ತ ಭಟ್ಟರು. ನಮ್ಮನ್ನು ತಮ್ಮ, ತಂಗಿ ಎಂದೇ ಕರೆಯುತ್ತಿದ್ದರು. ಅವರ ಮೇಜಿನ ಮೇಲೆ ನಾಲ್ಕು ಪುಸ್ತಕಗಳು: ಬಂದ ಮಾಲಿನದು, ತೂಕದ್ದು, ಟೆಂಡರಿನದು, ಖಾತೆಯದು. ಬೆಳೆಗಾರ ಚೀಲಗಳನ್ನು ಇಳಿಸಿದ ಮೇಲೆ ಒಂದೇ ಮನೆಯ ಫಸಲು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ಬಗೆಗಳ ಪ್ರಕಾರ ಬೇರೆಬೇರೆ ಲಾಟುಗಳಾಗುತ್ತದೆ. ವರ್ತಕರು ಮಾಲು ನೋಡಿ ದರ ನಮೂದಿಸುತ್ತಾರೆ. ಟೆಂಡರ್ ಫಲಿತಾಂಶ ಬಂದ ಮೇಲೆ ದರ ಒಪ್ಪಿಗೆಯಾದರೆ ಬೆಳೆಗಾರ ಕೊಡಬಹುದು, ಇಲ್ಲವಾದರೆ ಮಾಲನ್ನು ಉಳಿಸಿಕೊಳ್ಳಬಹುದು. ಕೊಟ್ಟರೆ, ತೂಕಕ್ಕೆ ತಕ್ಕ ಹಣದಲ್ಲಿ ಹಮಾಲಿ, ಹಿಂದೆ ಪಡೆದ ಮುಂಗಡ, ಅದರ ಬಡ್ಡಿ ಎಲ್ಲ ಕಳೆದು ಕೈಗೆ ಬರುವ ಹಣದ ಲೆಕ್ಕದ ಚೀಟಿಯೇ ಪಟ್ಟಿ. ಒಂದು ಪಟ್ಟಿಗಾಗಿ ಭಟ್ಟರು ಒಂದೇ ಹೆಸರನ್ನು ನಾಲ್ಕೂ ಪುಸ್ತಕಗಳಲ್ಲಿ ಹುಡುಕಬೇಕು, ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕಬೇಕು. ಸುಗ್ಗಿಯ ದಿನಗಳಲ್ಲಿ ಸಂಜೆ ಮಂಡಿಯ ಜಗಲಿಯ ಮೇಲೆ ಜನ ಸಾಲಾಗಿ ಕುಳಿತಿರುತ್ತಿದ್ದರು. ಘಟ್ಟದ ಒಳಗಿನ ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಹೊರಡುತ್ತದೆ. ಬಸ್ಸು ತಪ್ಪಿದವರು ಬೈದುಕೊಳ್ಳುತ್ತಿದ್ದುದು ಭಟ್ಟರನ್ನು; ಮುಂದಿನ ಸಲ ಮಾಲು ಇಳಿಸುತ್ತಿದ್ದುದು ಬೇರೆ ಮಂಡಿಯಲ್ಲಿ.

ಮಾವ ಕೇಳಿದ ಆ್ಯಪಿಗೂ ಈ ಜಗಲಿಗೂ ಸಂಬಂಧವೇ ಇರಲಿಲ್ಲ. "ಟೆಂಡರ್ ಮುಗಿದ ಮೇಲೆ ಪಟ್ಟಿ ತಡವಾಗುತ್ತದೆ, ಆದ್ದರಿಂದ ಗಿರಾಕಿ ಹೋಗುತ್ತಾರೆ" ಎಂದು ನಾನು ವರದಿಯ ಮೊದಲ ಪುಟದಲ್ಲಿ ಬರೆದೆ. ಈ ಒಂದು ವಾಕ್ಯಕ್ಕೆ ನಾಲ್ವರೂ ಒಪ್ಪುವಷ್ಟರಲ್ಲಿ ಸಾಕುಬೇಕಾಗಿತ್ತು. ಬಳ್ಳಾರಿಯವನಿಗೆ ಬೆಲೆಯನ್ನು ಮುಂಚಿತವಾಗಿ ಹೇಳುವ ಪ್ರೋಗ್ರಾಂ ಬರೆಯುವ ಆಸೆ. ಕೃಷಿ ಮಾರಾಟ ವಾಹಿನಿಯ ಜಾಲತಾಣದಲ್ಲಿ ಮಾರುಕಟ್ಟೆಗಳ ದಿನದ ಧಾರಣೆ ಸಿಗುತ್ತದಲ್ಲ, ಅದನ್ನೆಲ್ಲ ಆಗಲೇ ಇಳಿಸಿಕೊಂಡಿದ್ದ. ಮಾವ ಅದನ್ನು ಕೇಳಿ ನಕ್ಕುಬಿಟ್ಟರು: "ನಾಳಿನ ಬೆಲೆ ಹೇಳುವ ಯಂತ್ರ ಸಿಕ್ಕರೆ ನಾನು ದಲಾಲಿ ಬಿಟ್ಟು ಅಡಿಕೆ ಕೊಂಡು ಕೂರುತ್ತೇನೆ ಮಾರಾಯ." ಬೆಲೆಯ ಮಾತು ಅಲ್ಲಿಗೆ ನಿಂತಿತು; ಪಟ್ಟಿಯನ್ನು ಬೇಗ ಮಾಡಿಕೊಡುವ ಪ್ರೋಗ್ರಾಂ ಬರೆಯುವುದೆಂದಾಯಿತು.

ಇನ್ನು ಲೆಕ್ಕವನ್ನೆಲ್ಲ ಕೋಷ್ಟಕಗಳಲ್ಲಿ ಇಡುವ ಡೇಟಾಬೇಸ್. ತರಗತಿಯಲ್ಲಿ ಕೋಷ್ಟಕ ಬಿಡಿಸುವಾಗ ಗಿರಾಕಿಗೊಂದು ಗುರುತಿನ ಸಂಖ್ಯೆ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಿರಸಿಯಲ್ಲಿ ಅದೇ ದೊಡ್ಡ ಗಂಟಾಯಿತು. ಭಟ್ಟರ ಖಾತೆ ಪುಸ್ತಕದಲ್ಲಿ ಗಣಪತಿ ಹೆಗಡೆಯವರು ಬೇಕಾದಷ್ಟು ಜನ. ಒಂದೇ ಊರಿನಲ್ಲೂ ಇಬ್ಬರಿದ್ದರು. ಹಳೆಯ ಕೆಲವು ವರ್ಷಗಳ ಲೆಕ್ಕ ಕಂಪ್ಯೂಟರಿನಲ್ಲಿಯೂ ಇತ್ತು, ಆದರೆ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಲ್ಲ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಪರಿವರ್ತಿಸಿ ನೋಡಿದರೆ ಹೆಗಡೆ, ಹೆಗ್ಡೆ, ಹೆಗಡೇ ಎಂದು ಒಬ್ಬರೇ ಮೂವರಾಗಿದ್ದರು.

ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಳ್ಳೋಣ ಎಂದೆ. ಶಿರಸಿಯವಳು ಆಗದೆಂದು ತಲೆಯಾಡಿಸಿದಳು. ಅಣ್ಣತಮ್ಮಂದಿರಿಗೆ ಸೇರಿ ಒಂದೇ ಸಂಖ್ಯೆ ಕೊಟ್ಟವರಿದ್ದಾರೆ, ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ ಕೊಟ್ಟವರೂ ಇದ್ದಾರೆ. ಆಧಾರ್ ಸಂಖ್ಯೆ ಕೇಳಬಾರದೆಂದು ಮೈಸೂರಿನವಳು ಖಂಡಿತವಾಗಿ ಹೇಳಿದಳು. ಜಗಳ ಜೋರಾದಾಗ ಭಟ್ಟರು ಕನ್ನಡಕ ಸರಿಪಡಿಸಿಕೊಂಡು, "ತಮ್ಮ, ನನಗೆ ಇವರೆಲ್ಲ ಪುಟದ ಸಂಖ್ಯೆಯಿಂದಲೇ ಗೊತ್ತು" ಎಂದರು. ಖಾತೆ ಪುಸ್ತಕದ ಪುಟ! ಬೆಳೆಗಾರರ ಪಾಸ್‌ಪುಸ್ತಕದ ಮೇಲೆಯೂ ಅದೇ ಸಂಖ್ಯೆ ಇತ್ತು. ನಾವು ಹುಡುಕುತ್ತಿದ್ದ ಗುರುತು ತಲೆಮಾರಿನಿಂದ ಅಲ್ಲಿಯೇ ಕುಳಿತಿತ್ತು.

ಆದರೆ ಮನೆ ಪಾಲಾದರೆ? ಅದಕ್ಕೂ ಭಟ್ಟರ ಬಳಿ ಉತ್ತರವಿತ್ತು. ಜಮೀನಿನ ಸರ್ವೆ ನಂಬರಿಗೆ ಹಿಸ್ಸೆ ಬೀಳುವಂತೆ 214 ಎನ್ನುವುದು 214/1, 214/2 ಆಗುತ್ತಿತ್ತು. ಹಳೆಯ ಮುಂಗಡವನ್ನು ಯಾರ ತಲೆಗೆ ಹಾಕಬೇಕೆನ್ನುವುದು ಮಾತ್ರ ಪಂಚಾಯಿತಿಯ ವಿಷಯ, ಪ್ರೋಗ್ರಾಮಿನದಲ್ಲ ಎಂದು ಅವರೇ ಗೆರೆ ಎಳೆದರು. ಯಾವ ನಿರ್ಧಾರವನ್ನು ಯಂತ್ರಕ್ಕೆ ಕೊಡಬಾರದು ಎಂಬ ಬಗ್ಗೆ ನಾನು ಕೇಳಿದ ಅತ್ಯಂತ ಸ್ಪಷ್ಟ ಪಾಠ ಇದು. ಹೇಳಿದವರು ಎಸ್ಸೆಸ್ಸೆಲ್ಸಿ ಓದಿದ ಗುಮಾಸ್ತರು.

ಕೋಡ್ ಬರೆಯುವ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈಥಾನ್ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್, ಮಂಡಿಯೊಳಗೇ ಕೂರುವ ಒಂದು ಹಳೆಯ ಕಂಪ್ಯೂಟರ್. ಮಳೆಗಾಲದಲ್ಲಿ ಇಂಟರ್‌ನೆಟ್ ಹೋದರೂ ನಡೆಯಬೇಕೆಂದು ಎಲ್ಲವನ್ನೂ ಸ್ಥಳೀಯವಾಗಿ ಇಟ್ಟೆವು. ಒಂದು ರಾತ್ರಿ ಇಬ್ಬರು ಒಂದೇ ಫೈಲನ್ನು ತಿದ್ದಿ, ಎಲ್ಲರ ಬದಲಾವಣೆಗಳನ್ನು ಕೂಡಿಸುವ ತಂತ್ರಾಂಶವಾದ ಗಿಟ್‌ನಲ್ಲಿ ಸೇರಿಸುವಾಗ ಕೂಗಾಡಿದ್ದು ಎಲ್ಲ ತಂಡಗಳಲ್ಲೂ ಆಗುವಂಥದ್ದು.

ಕಷ್ಟಪಟ್ಟದ್ದು ರೂಪಾಯಿಯ ಮೇಲೆ. ಹಳೆಯ ಪುಸ್ತಕ, ಹೊಸ ಪ್ರೋಗ್ರಾಂ ಎರಡನ್ನೂ ಜೊತೆಯಾಗಿ ನಡೆಸಿ ತಾಳೆ ನೋಡಿದಾಗ ಕೆಲವು ಪಟ್ಟಿಗಳಲ್ಲಿ ಒಂದೆರಡು ರೂಪಾಯಿ ಹೊಂದಲಿಲ್ಲ. ಬಳ್ಳಾರಿಯವನು ದಶಮಾಂಶ ಸಂಖ್ಯೆಗಳ ಮೇಲೆ ಸಂಶಯಪಟ್ಟು, ಹಣವನ್ನೆಲ್ಲ ಪೈಸೆಯ ಪೂರ್ಣಾಂಕವಾಗಿ ಇಡುವಂತೆ ಬದಲಿಸಿದ. ಒಳ್ಳೆಯ ಬದಲಾವಣೆಯೇ, ಆದರೂ ವ್ಯತ್ಯಾಸ ಹೋಗಲಿಲ್ಲ. ಮೈಸೂರಿನವಳು ಭಟ್ಟರ ಪಕ್ಕ ಕುಳಿತು ಅವರ ಪೆನ್ಸಿಲ್ಲನ್ನೇ ನೋಡುತ್ತಾ ಕಾರಣ ಹಿಡಿದಳು. ಅವರು ಪ್ರತಿ ಸಾಲಿನಲ್ಲೂ ಪೈಸೆ ಬಿಟ್ಟು ಪೂರ್ಣ ರೂಪಾಯಿ ಮಾಡಿಕೊಳ್ಳುತ್ತಿದ್ದರು. ನಾವು ಕೊನೆಯ ಮೊತ್ತಕ್ಕೆ ಮಾತ್ರ ಮಾಡುತ್ತಿದ್ದೆವು. ಯಾವುದು ಸರಿ? ಎರಡೂ. ಆದರೆ ಬೆಳೆಗಾರರು ಮನೆಯಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದುದು ಭಟ್ಟರ ರೀತಿಯಲ್ಲಿ. ಪ್ರೋಗ್ರಾಮನ್ನೇ ಬದಲಿಸಿದೆವು. ತಾಳೆಯಾದ ಸಂಜೆ ಭಟ್ಟರು ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟು ನಮಗೆಲ್ಲ ಕಷಾಯ ತರಿಸಿದರು.

ಹಣ ಜಮೆಯಾದ ಎಸ್ಎಂಎಸ್ಸನ್ನು ಕನ್ನಡದಲ್ಲಿ ಕಳಿಸಬೇಕೆಂಬುದು ನನ್ನ ಹಟವಾಗಿತ್ತು. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಸಂದೇಶ, ಕನ್ನಡಕ್ಕೆ ಬೇಕಾದ ಯೂನಿಕೋಡಿಗೆ ಹೋದರೆ 70ಕ್ಕೆ ಇಳಿಯುತ್ತದೆ; ಒತ್ತು, ಗುಣಿತಗಳೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಕ್ವಿಂಟಾಲ್ ಎಂದು ಬರೆದರೆ ಅದೊಂದಕ್ಕೇ ಒಂಬತ್ತು ಹೋಗುತ್ತದೆ. ಸಾಲದ್ದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಆ ಅರ್ಜಿ ತುಂಬಲು ಮಾವನಿಗೆ ಪುರಸೊತ್ತಿರಲಿಲ್ಲ, ನಮಗೆ ಅಧಿಕಾರವಿರಲಿಲ್ಲ. ಎಸ್ಎಂಎಸ್ ಕೈಬಿಟ್ಟೆವು. ಮುದ್ರಿತ ಪಟ್ಟಿಯೇ ಸಾಕೆಂದು ಬೆಳೆಗಾರರೂ ಹೇಳಿದರು. ಮನೆಯಲ್ಲಿ ತೋರಿಸಲು ಕಾಗದವೇ ಬೇಕಂತೆ.

ಮೌಖಿಕ ಪರೀಕ್ಷೆ ಮಾಡಲು ಬಂದವರು ಇದರಲ್ಲಿ ಕೃತಕ ಬುದ್ಧಿಮತ್ತೆ ಎಲ್ಲಿದೆ ಎಂದು ಕೇಳಿದರು. ಇಲ್ಲ ಸರ್ ಎಂದೆವು. ಅಂಕಗಳು ತಕ್ಕಮಟ್ಟಿಗೆ ಬಂದವು. ಬೆಲೆ ಮುನ್ಸೂಚನೆ ಮಾಡಿದ್ದ ಇನ್ನೊಂದು ತಂಡಕ್ಕೆ ನಮಗಿಂತ ಹೆಚ್ಚು ಬಂದವೆಂದು ಬಳ್ಳಾರಿಯವನು ಈಗಲೂ ಮೈಸೂರಿನವಳನ್ನು ಕೆಣಕುವುದುಂಟು.

ಮರುವರ್ಷದ ಸುಗ್ಗಿಯಲ್ಲಿ ಭಟ್ಟರು ಬಳ್ಳಾರಿಯವನಿಗೆ ಫೋನ್ ಮಾಡಿದರು. ದರ ಒಪ್ಪದೆ ಮರುದಿನದ ಟೆಂಡರಿಗೆ ಉಳಿಸಿಕೊಂಡ ಲಾಟಿಗೆ ಹೊಸ ಸಂಖ್ಯೆ ಬೀಳುತ್ತದೆ, ಆದರೆ ಹಳೆಯ ತೂಕ ಅದರ ಜೊತೆಗೆ ಬರಬೇಕು ಎಂದು. ಯಾರೊಂದಿಗೂ ಮಾತನಾಡದ ಹುಡುಗ ಭಟ್ಟರೊಂದಿಗೆ ಗಂಟೆಗಟ್ಟಲೆ ಮಾತನಾಡಿ, ಭಾನುವಾರ ಕುಳಿತು ಅದನ್ನು ಸರಿಮಾಡಿಕೊಟ್ಟ. ಮಾವ ಹಣ ಕಳಿಸಿದರು. ಅದನ್ನು ನಾಲ್ಕು ಪಾಲು ಮಾಡಬೇಕೋ, ದುಡಿದವನೇ ಇಟ್ಟುಕೊಳ್ಳಬೇಕೋ ಎಂಬ ಚರ್ಚೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ. ಶಿರಸಿಯವಳ ವಾದವೇನೆಂದರೆ, ದಲಾಲಿ ಅವಳಿಗೆ ಮೊದಲು ಸಲ್ಲಬೇಕು.