ರಂಪಣಿ ಬಲೆಯ ಎದುರು ಮೂರು ಕ್ಯಾಮೆರಾ

ಪದವಿಯ ಕೊನೆಯ ವರ್ಷದಲ್ಲಿ ಪತ್ರಿಕೋದ್ಯಮ ವಿಭಾಗಕ್ಕಾಗಿ ಒಂದು ಕಿರು ಸಾಕ್ಷ್ಯಚಿತ್ರ ಮಾಡಬೇಕಾಗಿ ಬಂದಾಗ, ಕಾರವಾರದ ಕಡಲತೀರದ ರಂಪಣಿ ಮೀನುಗಾರಿಕೆಯನ್ನು ನಾವು ವಿಷಯವಾಗಿ ಆರಿಸಿಕೊಂಡೆವು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡೂ ತುದಿಗಳನ್ನು ಹತ್ತಾರು ಜನ ಸೇರಿ ದಡಕ್ಕೆಳೆಯುವ ಈ ಪದ್ಧತಿ, 1970ರ ದಶಕದಲ್ಲಿ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಬಹಳ ಕಡಿಮೆಯಾಗಿದೆ. ಬಲೆ ಬಿಟ್ಟ ದಿನವೇ ಚಿತ್ರ ಸಿಗಬೇಕು. ಚಿತ್ರಕ್ಕಾಗಿ ಇನ್ನೊಮ್ಮೆ ಎಳೆಯಿರಿ ಎಂದು ಯಾರನ್ನೂ ಕೇಳುವಂತಿಲ್ಲ. ಆದ್ದರಿಂದ ಗೆಳತಿಯ ಫೋನು, ಕಾಲೇಜಿನ ಹಳೆಯ ಡಿಎಸ್ಎಲ್ಆರ್ ಹಾಗೂ ಮದುವೆ ಚಿತ್ರೀಕರಿಸುವ ಸ್ಟುಡಿಯೊ ಒಂದರಿಂದ ಬಾಡಿಗೆಗೆ ತಂದ ಮಿರರ್‌ಲೆಸ್ ಕ್ಯಾಮೆರಾ, ಈ ಮೂರನ್ನೂ ಒಂದು ಬೆಳಗಿನ ಜಾವ ದಡಕ್ಕೇ ಒಯ್ದು ಪರೀಕ್ಷಿಸಿದೆವು. ನೌಕಾನೆಲೆಯಿರುವ ಊರಾದ್ದರಿಂದ ಡ್ರೋನಿನ ವಿಚಾರವನ್ನು ಮೊದಲೇ ಕೈಬಿಟ್ಟಿದ್ದೆವು.

ನಮ್ಮ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯ ಹುಟ್ಟುವುದು ಬೆನ್ನ ಹಿಂದಿನ ಗುಡ್ಡಗಳ ಕಡೆಯಿಂದ. ಹಾಗಾಗಿ ಆಕಾಶ ಬೆಳಗಾದ ಮೇಲೂ ಮರಳಿನ ಮೇಲೆ ಬಹಳ ಹೊತ್ತು ಮೆತ್ತನೆಯ, ಕಡಿಮೆ ಬೆಳಕೇ ಇರುತ್ತದೆ. ಆ ಬೆಳಕಿನಲ್ಲಿ ಫೋನಿನ ಚಿಕ್ಕ ಸೆನ್ಸರ್ ಮುಖಗಳ ಮೇಲಿನ ಗೆರೆಗಳನ್ನೆಲ್ಲ ಸವರಿ ನುಣುಪಾಗಿಸಿತು. ತೆರೆಯ ಬಿಳಿ ನೊರೆ ಚೌಕಟ್ಟಿನೊಳಗೆ ಬಂದಾಗಲೆಲ್ಲ ಇಡೀ ಚಿತ್ರ ತಾನಾಗಿಯೇ ಕಪ್ಪಾಗಿ, ನೊರೆ ಸರಿದಾಗ ಬೆಳಗಾಗುತ್ತಿತ್ತು. ಹಗ್ಗ ಎಳೆಯುವವರ ಮುಖವನ್ನೇ ಕಾಣದಂತೆ ಮಾಡುವ ಸಾಧನ ಈ ಚಿತ್ರಕ್ಕೆ ಒಗ್ಗುವುದಿಲ್ಲ. ಉಳಿದ ಎರಡರಲ್ಲಿ ಹೆಚ್ಚು ಬೆಳಕನ್ನು ಒಳಬಿಡುವ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ, ಬೆಳಕಿನ ಹಿಡಿತವನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡಾಗ ಮುಖಗಳು ಮುಖಗಳಾಗಿಯೇ ಉಳಿದವು.

ಬಿಸಿಲು ಏರಿದ ಮೇಲೆ ತೊಂದರೆ ತಿರುಗುಮುರುಗಾಯಿತು. ಸೆಕೆಂಡಿಗೆ 25 ಫ್ರೇಮಿನಂತೆ ಚಿತ್ರೀಕರಿಸುವಾಗ ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್ ವೇಗ, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡಿನ ಆಸುಪಾಸಿನಲ್ಲಿರಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟುಗಳು ಮಿನುಗದಿರುವುದಕ್ಕೂ ಅದೇ ವೇಗ ಅನುಕೂಲ. ಆದರೆ ಪೂರ್ಣ ಬಿಸಿಲಿನಲ್ಲಿ ಸೆನ್ಸರಿನ ಸೂಕ್ಷ್ಮತೆಯನ್ನು ಐಎಸ್ಒ 100ಕ್ಕೆ ಇಟ್ಟು, ಲೆನ್ಸಿನ ಕಿಂಡಿಯನ್ನು ಎಫ್/4ಕ್ಕೆ ತೆರೆದು ತೆಗೆದರೆ ಐದು ಸ್ಟಾಪಿನಷ್ಟು, ಅಂದರೆ 32 ಪಟ್ಟು, ಬೆಳಕು ಹೆಚ್ಚಾಗುತ್ತದೆ, ಹಾಗಾಗಿ ಆ ಹೆಚ್ಚಿನ ಬೆಳಕನ್ನು ತಡೆಯುವ ಕಪ್ಪು ಗಾಜಾದ ಎನ್‌ಡಿ 32 ಫಿಲ್ಟರ್ ಬೇಕೇ ಬೇಕು. ಕ್ಯಾಮೆರಾದ ಬಾಡಿಗೆ ಲೆಕ್ಕ ಹಾಕುವವರು ಈ ಗಾಜಿನ ತುಂಡನ್ನೂ ಅದೇ ಲೆಕ್ಕದಲ್ಲಿ ಸೇರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

4ಕೆ ಬೇಕೇ ಬೇಡವೇ ಎಂಬ ಚರ್ಚೆಯನ್ನು ಬೇಗ ಮುಗಿಸಿದೆವು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಒಂದು ತಾಸಿಗೆ 45 ಜಿಬಿ ತುಂಬುವ ಕಡತಗಳನ್ನು ನಮ್ಮ ವಿಭಾಗದ ಕಂಪ್ಯೂಟರುಗಳು ತಡೆದುಕೊಳ್ಳುವಂತಿರಲಿಲ್ಲ. ಚಿತ್ರ ಪ್ರದರ್ಶನವಾಗುವುದು ಕಾಲೇಜಿನ ಸಭಾಂಗಣದ ಪರದೆಯ ಮೇಲೆ. ಅದಕ್ಕೆ ಫುಲ್ ಎಚ್‌ಡಿ ಸಾಕು.

ಕೊನೆಗೆ ಆಯ್ಕೆಯನ್ನು ನಿರ್ಧರಿಸಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಧ್ವನಿ. ಡಿಎಸ್ಎಲ್ಆರಿಗೆ ಮೈಕ್ ಸಿಕ್ಕಿಸುವ ಕಿಂಡಿಯಿತ್ತು, ಹೆಡ್‌ಫೋನಿನದು ಇರಲಿಲ್ಲ. ಹಗ್ಗ ಎಳೆಯುವವರೆಲ್ಲ ಒಟ್ಟಾಗಿ ಕೂಗುವ ಕೂಗು ದಾಖಲಾಗುತ್ತಿದೆಯೋ, ಬರಿಯ ಗಾಳಿಯ ಭೋರೆನ್ನುವ ಸದ್ದೋ ಎಂಬುದನ್ನು ಸ್ಥಳದಲ್ಲೇ ಕೇಳಿ ತಿಳಿಯುವ ದಾರಿಯೇ ಅದರಲ್ಲಿರಲಿಲ್ಲ. ಮಿರರ್‌ಲೆಸ್‌ನಲ್ಲಿ ಎರಡೂ ಇದ್ದವು. ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ಮೈಕಿಗೆ ತುಪ್ಪುಳದ ಗವಸು ತೊಡಿಸಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೂಗು ಸ್ಪಷ್ಟವಾಗುತ್ತದೆಂಬುದು ಗೊತ್ತಾಯಿತು. ಇದಲ್ಲದೆ ಡಿಎಸ್ಎಲ್ಆರ್ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಂತುಬಿಡುತ್ತಿತ್ತು. ಬಲೆ ದಡ ಸೇರುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು, ಬಂಗಡೆ ಹೊಳೆಯುವ ಗಳಿಗೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ಬಾಡಿಗೆ ಕೊಟ್ಟ ಸ್ಟುಡಿಯೊದವರು, "ತಮ್ಮಾ, ಮರಳ ಮೇಲೆ ಲೆನ್ಸ್ ಬಿಚ್ಚೂಕೆ ಹೋಗ್ಬೇಡಿ, ಉಪ್ಪುಗಾಳಿ ಒಳಗೆ ಹೊಕ್ರೆ ಕಷ್ಟ" ಎಂದು ಮೊದಲೇ ಹೇಳಿದ್ದರು. ಆ ಮಾತಿಗೆ ಬೆಲೆ ಕೊಟ್ಟು, ಬಲೆ ಎಳೆಯುವ ದಿನಕ್ಕೆ ಮಿರರ್‌ಲೆಸ್ಸಿಗೆ ಒಂದೇ ಜೂಮ್ ಲೆನ್ಸ್ ಹಾಕಿಟ್ಟು, 50 ಮಿ.ಮೀ. ಲೆನ್ಸನ್ನು ಡಿಎಸ್ಎಲ್ಆರಿಗೆ ಬಿಟ್ಟೆವು. ಹಿರಿಯ ಮೀನುಗಾರರನ್ನು ಅವರ ಮನೆಯ ಜಗಲಿಯಲ್ಲಿ ಕೂರಿಸಿ ಮಾತನಾಡಿಸುವ ಭಾಗಕ್ಕೆ ಆ ಹಳೆಯ ಕ್ಯಾಮೆರಾವೇ ಸಾಕೆಂದು ತೀರ್ಮಾನವಾಯಿತು. ಅದರಿಂದ ಉಳಿದ ಬಾಡಿಗೆ ಹಣದಲ್ಲಿ ಫಿಲ್ಟರನ್ನೂ ಒಂದು ಗಟ್ಟಿ ಟ್ರೈಪಾಡನ್ನೂ ತಂದೆವು.